ಏಳನೇ ಕ್ಯಾಂಪಿನ ಹೆಸರು

ಹನೂರು ಕಾಡಿನ ಕಳ್ಳಬೇಟೆ ತಡೆ ಕ್ಯಾಂಪುಗಳಿಗೆ ನಂಬರ್ ತೆಗೆದು ಹುತಾತ್ಮ ಸಿಬ್ಬಂದಿಯ ಹೆಸರಿಡಬೇಕೆಂದು ಆದೇಶ ಬಂತು. ಕೊಳ್ಳೇಗಾಲದ ಅರಣ್ಯ ಆಫೀಸಿನಿಂದ ಪಟ್ಟಿ ಹಿಡಿದು ನಾನೇ ಹೋದೆ. ಏಳನೇ ಕ್ಯಾಂಪಿನ ವಾಚರ್ ಮಾದಯ್ಯನಿಗೆ, "ಆನೆ ತುಳಿದು ಸತ್ತ ನಿನ್ನ ಜೊತೆಗಾರ ಜಡೇಯನ ಹೆಸರೇ ಇಡ್ತೀವಿ ಕಣಯ್ಯಾ" ಎಂದೆ. ಅವನ ಮುಖ ಬಿಳಿಚಿಕೊಂಡಿತು.

"ಬ್ಯಾಡಿ ಸಾ. ದಿನಾ ಸಂಜೆ ವೈರ್‌ಲೆಸ್‌ನಲ್ಲಿ ಕ್ಯಾಂಪಿನ ಎಸ್ರಿಡ್ದು ಕೂಗ್ತಾರೆ. 'ಜಡೇಯ, ಇದ್ದೀಯಾ?' ಅಂದ್ರೆ 'ಇವ್ನಿ' ಅನ್ನೋರು ಯಾರು?"

ನನಗೆ ನಗು ಬಂತು. ಅಷ್ಟರಲ್ಲಿ ಸೆಟ್ಟು ಕರಕರ ಎಂದಿತು: "ಏಳನೇ ಕ್ಯಾಂಪ್, ಇದ್ದೀರಾ?"

ನಾವಿಬ್ಬರೂ ಒಟ್ಟಿಗೇ ತಿರುಗಿ ಜಡೇಯನ ಖಾಲಿ ಮಂಚ ನೋಡಿದೆವು. ಮಾದಯ್ಯ ಸೆಟ್ಟು ಮುಟ್ಟಲಿಲ್ಲ. ನಾನೇ ಎತ್ತಿಕೊಂಡು "ಇದ್ದೀವಿ" ಎಂದೆ.

ನಂಬರನ್ನೇ ಉಳಿಸಿ, ಕಾರಣದ ಕಾಲಮ್ಮಿನಲ್ಲಿ ಬರೆದೆ: "ಸದರಿ ಹೆಸರಿಗೆ ಓಗೊಡಲು ಸಿಬ್ಬಂದಿ ಇರುವುದಿಲ್ಲ."