ನೊರೆ ಎದ್ದ ಔಷಧಿ

ಬಣಕಲ್ಲಿನ ತುಂಗಮ್ಮನಿಗೆ ಐವತ್ತೆಂಟನೇ ವಯಸ್ಸಿನಲ್ಲಿ ಮೊದಲ ಸಲ ಹೊಟ್ಟೆಕಿಚ್ಚು ಬಂತು ಅಂದರೆ ಸುಳ್ಳಾಗುತ್ತದೆ. ಓರಗಿತ್ತಿಯ ಬಳೆಗೆ, ಪಕ್ಕದ ತೋಟದವರ ಮೆಣಸಿನ ಬಳ್ಳಿಗೆ ಆಗಾಗ ಒಂದಿಷ್ಟು ಉರಿದುಕೊಂಡವಳೇ. ಆದರೆ ಒಂದು ಮಿಷನ್ನಿನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದು ಮಾತ್ರ ಇದೇ ಮೊದಲು.

ಊರಿನಲ್ಲಿ ಅವಳಿಗಿದ್ದ ಹೆಸರೆಲ್ಲ ನೋವಿನ ಔಷಧಿಯಿಂದ ಬಂದದ್ದು. ಐದು ಬಗೆಯ ಸೊಪ್ಪಿನ ರಸವನ್ನು ಲೋಳೆಸರದ ಜೊತೆ ಕುದಿಸಿ ಆರಿಸಿದರೆ ಹಸಿರು ಲೋಳೆಯಂಥ ಔಷಧಿ ಸಿದ್ಧ. ದೂರದ ಸಂಸೆಯಿಂದ ಬಂದು ಒಯ್ದವರೂ ಇದ್ದರು. ದುಡ್ಡು ಮುಟ್ಟುತ್ತಿರಲಿಲ್ಲ, ಎಲೆ ಅಡಿಕೆ, ಒಂದು ತೆಂಗಿನಕಾಯಿ, ಅಷ್ಟೇ. ಸೊಪ್ಪಿನ ಹೆಸರು ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಔಷಧಿಯಲ್ಲಿ ಏನಿದೆ ಎಂದು ಕೇಳಿದರೆ ಅದರ ಗುಣ ಹೋಗುತ್ತದೆ ಎಂಬುದು ಅವಳ ಅತ್ತೆಯ ಕಾಲದಿಂದ ಬಂದ ಮಾತು.

ಗಂಡ ರುದ್ರಪ್ಪ ತೋಟದಲ್ಲಿ ನೆರಳಿನ ಮರದ ಕೊಂಬೆ ಕಡಿಸುವಾಗ ಜಾರಿ ಬಿದ್ದು, ಬಲ ಭುಜ ಹಿಡಿದುಕೊಂಡಿತು. ಎಂಟು ತಿಂಗಳು ದಿನಾ ಸಂಜೆ ತುಂಗಮ್ಮನೇ ಔಷಧಿ ಹಚ್ಚಿ ತಿಕ್ಕಿದಳು. ಬಾಯಿ ಬಿಚ್ಚದ ಆ ಮನುಷ್ಯ ತಿಕ್ಕಿಸಿಕೊಳ್ಳುವಾಗ ಮಾತ್ರ ಮಾತಾಡುತ್ತಿದ್ದ. ಯಾರ ತೋಟಕ್ಕೆ ಕಾಡಿನಿಂದ ಕಾಟಿ ನುಗ್ಗಿತು, ಯಾವ ಮೇಸ್ತ್ರಿ ಕೆಲಸ ಬಿಟ್ಟ, ಎಲ್ಲ. ನಿಜ ಹೇಳಬೇಕೆಂದರೆ ಆ ಅರ್ಧ ಗಂಟೆಯ ಮಾತಿಗಾಗಿಯೇ ಅವಳು ದಿನವಿಡೀ ಕಾಯುತ್ತಿದ್ದಳು. ತೋಳು ಮಾತ್ರ ಮೇಲೇಳಲಿಲ್ಲ.

ಅಷ್ಟರಲ್ಲಿ ಮೈದುನನ ಮಗಳು ಕವನಾ ಫಿಸಿಯೋಥೆರಪಿ ಓದಿಕೊಂಡು ಬಂದು ಹೈವೇ ಪಕ್ಕದಲ್ಲಿ ಕ್ಲಿನಿಕ್ ತೆರೆದಳು. ಅಲ್ಲೊಂದು ಅಲ್ಟ್ರಾಸೌಂಡ್ ಮಿಷನ್ನು. ಅದರ ಹಿಡಿಕೆಯ ತುದಿಯಲ್ಲಿ ನುಣುಪಾದ ಬಿಲ್ಲೆ. ನೋವಿದ್ದ ಕಡೆ ಜೆಲ್ ಹಚ್ಚಿ ಅದನ್ನು ಆಡಿಸುವುದು. ಕಿವಿಗೆ ಕೇಳದ ಶಬ್ದ ಒಳಗೆ ಇಳಿಯುತ್ತದಂತೆ. ರುದ್ರಪ್ಪ ವಾರಕ್ಕೆ ಮೂರು ದಿನ ಹೋಗತೊಡಗಿದ. ಎರಡೇ ವಾರಕ್ಕೆ ತಾನೇ ತಲೆ ಬಾಚಿಕೊಂಡು ಬಂದು ನಿಂತ.

"ಎಂಥ ಹುಡುಗಿ ಮಾರಾಯ್ತಿ! ಅಲ್ಲಿ ಕೂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ," ಅಂದ.

ಮಾತೆಲ್ಲ ಅಲ್ಲೇ ಮುಗಿಸಿ ಬರುತ್ತಿದ್ದ. ಮನೆಗೆ ಬಂದರೆ ಊಟ, ಟಿವಿ, ನಿದ್ದೆ. ತುಂಗಮ್ಮನಿಗೆ ಮೈಯೆಲ್ಲ ಉರಿಯಿತು.

ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ ಒಂದು ದಿನ ಕವನಾಳೇ ಎಲೆ ಅಡಿಕೆ ಹಿಡಿದುಕೊಂಡು ಮನೆಗೆ ಬಂದಳು.

"ದೊಡ್ಡಮ್ಮ, ನಿಮ್ಮ ಔಷಧಿ ಬೇಕಿತ್ತು. ಜೆಲ್ ಬದ್ಲು ಅದನ್ನೇ ಹಚ್ಚಿ ಮಿಷನ್ ಆಡ್ಸಿದ್ರೆ ಔಷಧಿ ಚರ್ಮ ದಾಟಿ ಒಳಗೆ ಇಳೀತದೆ. ಬರೀ ತಿಕ್ಕಿದ್ರೆ ಅಷ್ಟು ಇಳಿಯಲ್ಲ."

"ಇಷ್ಟು ತಿಂಗ್ಳು ನಾ ತಿಕ್ಕಿದ್ದೆಲ್ಲ ಮೇಲೇ ಉಳೀತು ಅನ್ನು."

"ಅಯ್ಯೋ, ಹಾಗಲ್ಲ ದೊಡ್ಡಮ್ಮ. ಒಂದೇ ಒಂದು, ಅದ್ರಲ್ಲಿ ಗಾಳಿಗುಳ್ಳೆ ಇರ್ಬಾರ್ದು. ಗಾಳಿ ಇದ್ರೆ ಶಬ್ದ ಅಲ್ಲೇ ನಿಂತ್ಬಿಡ್ತದೆ."

ಹುಡುಗಿ ಪಾಪ, ಒಳ್ಳೆಯ ಮನಸ್ಸಿನಿಂದ ಹೇಳಿದ್ದು. ತುಂಗಮ್ಮನ ಕಿವಿಗೆ ಬಿದ್ದದ್ದು ಬೇರೆ. ಮಾರನೆಯ ದಿನ ಔಷಧಿ ಕುದಿಸಿ ಆರಿಸಿದವಳೇ ಕಡಗೋಲು ತಂದು, ಮಜ್ಜಿಗೆ ಕಡೆದ ಹಾಗೆ ಕಡೆದಳು. ತೋಳು ಸೋಲುವವರೆಗೆ ಕಡೆದಳು. ಹಸಿರು ಹೋಗಿ ಬೆಳ್ಳಗೆ, ನುಣ್ಣಗೆ ನೊರೆ ಎದ್ದಿತು. ಡಬ್ಬಿಗೆ ತುಂಬಿ ಗಂಡನ ಕೈಯಲ್ಲೇ ಕಳಿಸಿದಳು. ಇಳಿಯಲಿ, ಅದು ಹೇಗೆ ಇಳಿಯುತ್ತದೋ ನೋಡೋಣ!

ಅಂದುಕೊಂಡ ಹಾಗೇ ಆಯಿತು. ಮೂರನೇ ಸಲಕ್ಕೆ ರುದ್ರಪ್ಪ ಭುಜ ಹಿಡಿದುಕೊಂಡು ನರಳುತ್ತ ಬಂದ. ತುಂಗಮ್ಮ ಒಳಗೊಳಗೇ ಹಿಗ್ಗಿ, "ಬನ್ನಿ, ತಿಕ್ತೀನಿ," ಅಂದಳು.

"ಬೇಡ ಮಾರಾಯ್ತಿ," ಅಂದ ರುದ್ರಪ್ಪ. "ಆ ಜೆಲ್ ಹಚ್ಚಿದಾಗ ಎಷ್ಟು ಚೆನ್ನಾಗಿತ್ತು. ನಿನ್ನ ಔಷಧಿ ಹಚ್ಚಿದ ಮೇಲೇ ಹೀಗಾಗಿದ್ದು. ಅದ್ರಲ್ಲಿ ಗುಣ ಇಲ್ಲ ಅಂತ ಕಾಣ್ತದೆ."

ಮಿಷನ್ನಿಗೆ ತೋಡಿದ ಗುಂಡಿಯಲ್ಲಿ ತುಂಗಮ್ಮನ ಔಷಧಿಯೇ ಬಿದ್ದಿತ್ತು. ರುದ್ರಪ್ಪ ಅದೇ ಮಾತನ್ನು ಅಂಗಡಿ ಕಟ್ಟೆಯ ಮೇಲೂ ಆಡಿದ. ಆ ವಾರ ಎಲೆ ಅಡಿಕೆ ತಂದವರು ಒಬ್ಬರೂ ಇಲ್ಲ. ಪ್ರತಿ ತಿಂಗಳು ಮಂಡಿನೋವಿಗೆ ಔಷಧಿ ಒಯ್ಯುತ್ತಿದ್ದ ಯಲ್ಲಮ್ಮ ಕೂಡ ಅವಳ ಮನೆ ದಾಟಿಕೊಂಡು ನೇರ ಕ್ಲಿನಿಕ್ಕಿಗೇ ಹೋದಳು. ಅತ್ತೆ ನಂಬಿ ಕೊಟ್ಟುಹೋದ ಔಷಧಿ ತನ್ನ ಹೊಟ್ಟೆಕಿಚ್ಚಿಗೆ ಹಾಳಾಯಿತಲ್ಲ ಎಂದು ತುಂಗಮ್ಮ ಒಲೆಯ ಮುಂದೆ ಕೂತು ಅತ್ತಳು.

ಮತ್ತೆ ಕುದಿಸಿದಳು. ಕಡಗೋಲು ಮುಟ್ಟಲಿಲ್ಲ. ಇಡೀ ದಿನ ಅಲುಗಿಸದೆ ಇಟ್ಟು, ತಿಳಿಯಾದದ್ದನ್ನು ಹೊತ್ತುಕೊಂಡು ಕ್ಲಿನಿಕ್ಕಿಗೆ ಹೋದಳು. ರುದ್ರಪ್ಪ ಒಳಕೋಣೆಯಲ್ಲಿ ಬೋರಲು ಮಲಗಿದ್ದ. ಕವನಾಳನ್ನು ಹೊರಗೆ ಕರೆದು ಹೇಳಿದಳು:

"ಮೊನ್ನೆಯದ್ದು ನಾನೇ ಕಡೆದು ನೊರೆ ಎಬ್ಸಿ ಕೊಟ್ಟಿದ್ದು. ಬೇಕು ಅಂತ್ಲೇ."

ಕವನಾ ಅವಳ ಕೈಯಿಂದ ಔಷಧಿಯನ್ನು ತೆಗೆದುಕೊಂಡಳು. "ಅದು ಬೆಳ್ಳಗಿತ್ತು. ಏನು ಹಾಕಿದ್ದೀರಿ ಅಂತ ಕೇಳ್ಬೇಕು ಅನ್ನಿಸ್ತು. ಔಷಧಿಯಲ್ಲಿ ಏನಿದೆ ಅಂತ ಕೇಳ್ಬಾರ್ದು ಅಂತ ನೀವೇ ಕಲಿಸಿದ್ದಲ್ವಾ?"

ತುಂಗಮ್ಮ ತಲೆ ತಗ್ಗಿಸಿದಳು. ಕವನಾ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಆ ತಿಳಿ ಔಷಧಿಯನ್ನು ಭುಜಕ್ಕೆ ಹಚ್ಚಿ, ಮಿಷನ್ನಿನ ಹಿಡಿಕೆಯನ್ನು ದೊಡ್ಡಮ್ಮನ ಕೈಗೇ ಕೊಟ್ಟಳು. ಸಣ್ಣ ಸಣ್ಣ ಸುತ್ತು ಹಾಕಬೇಕೆಂದು ಸನ್ನೆ ಮಾಡಿ ತೋರಿಸಿ ಪಕ್ಕದಲ್ಲೇ ನಿಂತಳು. ನಾಚಿಕೆಗೆ ತುಂಗಮ್ಮ ತುಟಿ ಬಿಚ್ಚಲಿಲ್ಲ.

"ಆಹಾ," ಎಂದ ರುದ್ರಪ್ಪ, ದಿಂಬಿನಲ್ಲಿ ಮುಖ ಹುದುಗಿಸಿಕೊಂಡೇ. "ಇವತ್ತು ಚೆನ್ನಾಗಿ ಹಿಡೀತಿದೆ ಕವನಾ. ನಿನ್ನ ಕೈ ಎಷ್ಟು ಹಗುರ! ನಿನ್ ದೊಡ್ಡಮ್ಮ ತಿಕ್ಕಿದ್ರೆ ಪ್ರಾಣ ಹೋಗ್ತಿತ್ತು. ನೋವು ಮರೀಲಿಕ್ಕೆ ಬಾಯಿಗೆ ಬಂದಿದ್ದೆಲ್ಲ ಮಾತಾಡ್ತಿದ್ದೆ. ಹೇಳಿದ್ರೆ ಬೇಜಾರು ಮಾಡ್ಕೊಳ್ತಾಳೆ ಅಂತ ಎಂಟು ತಿಂಗ್ಳು ಸುಮ್ನಿದ್ದೆ."

ತುಂಗಮ್ಮನ ಕೈ ನಿಂತಿತು.

"ನಿಲ್ಲಿಸ್ಬೇಡಿ ದೊಡ್ಡಮ್ಮ," ಎಂದಳು ಕವನಾ. "ಒಂದೇ ಕಡೆ ಇಟ್ರೆ ಸುಡ್ತದೆ."

ರುದ್ರಪ್ಪನ ಬೆನ್ನು ಸೆಟೆದುಕೊಂಡಿತು. ತುಂಗಮ್ಮ ಮತ್ತೆ ಸುತ್ತು ಹಾಕತೊಡಗಿದಳು. ಹೊಗಳಿಸಿಕೊಂಡ ಕೈ ತನ್ನದೇ. ಆದರೂ ಅದನ್ನು ಕಂಡು ಅವಳಿಗೆ ಹೊಟ್ಟೆ ಉರಿಯಿತು.

"ನೀನಾ?" ಎಂದ ರುದ್ರಪ್ಪ.

"ಹೂಂ, ನಾನೇ. ಸುಮ್ನೆ ಮಲ್ಕೊಳ್ಳಿ, ಇನ್ನೂ ಮೂರು ನಿಮಿಷ ಇದೆ."