ಹಗೇವಿನಿಂದ ಬಂದ ಹೂಂ

ಆಗೆಲ್ಲ ನಾವು ಪುಸ್ತಕಗಳನ್ನು ಕಿವಿಯಿಂದ ಓದುತ್ತಿದ್ದೆವು. ಮರಾಠಿ ಸೀಮೆಗೆ ಸೇರಿದ, ಉಮದಿಯ ಆಚೆಗಿನ ನಮ್ಮ ಗಡಿ ಊರಿನ ಕನ್ನಡ ಶಾಲೆಯಲ್ಲಿ ಪಾಠದ ಪುಸ್ತಕ ಬಿಟ್ಟರೆ ಒಂದು ಕಪಾಟು ಇತ್ತು. ಅದರ ಕೀಲಿ ಯಾರ ಬಳಿ ಇದೆಯೆಂದು ಮಾಸ್ತರರಿಗೂ ಗೊತ್ತಿರಲಿಲ್ಲ. ಚಿತ್ರಕಥೆ, ಕಾದಂಬರಿ ಎಲ್ಲ ಬರುತ್ತಿದ್ದದ್ದು ಬೇಸಿಗೆ ಸೂಟಿಯಲ್ಲಿ, ಜತ್ತದ ಬಸ್ಸಿನಲ್ಲಿ, ಸುನಂದಕ್ಕನ ಟ್ರಂಕಿನೊಳಗೆ. ಸುನಂದಕ್ಕ ನಮ್ಮ ಅತ್ತೆಯ ಮಗಳು. ಜತ್ತದಲ್ಲಿ ಮರಾಠಿ ಶಾಲೆಗೆ ಹೋಗುತ್ತಿದ್ದಳು. ಆಗ ಅವಳಿಗೆ ಹದಿನಾಲ್ಕು, ನನಗೆ ಒಂಬತ್ತು, ನನ್ನ ತಂಗಿ ಕಮಲಿಗೆ ಏಳು.

ಅವಳ ಪುಸ್ತಕಗಳೆಲ್ಲ ಮರಾಠಿಯವು. ನಾನು ಮರಾಠಿ ಮಾತಾಡುತ್ತಿದ್ದೆ, ಓದಲು ಮಾತ್ರ ಒಂದೊಂದೇ ಅಕ್ಷರ ಕೂಡಿಸಿಕೊಳ್ಳುತ್ತ ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತೆಂದು ಮರೆಯುತ್ತಿದ್ದೆ. ಸುನಂದಕ್ಕ ಮರಾಠಿ ಪುಟದ ಮೇಲೆ ಕಣ್ಣಿಟ್ಟು ನಮ್ಮ ಕನ್ನಡದಲ್ಲಿ ಹೇಳುತ್ತಿದ್ದಳು, ಎಲ್ಲೂ ತಡವರಿಸದೆ. ಮಧ್ಯಾಹ್ನ ಪಡಸಾಲೆಯ ತಂಪು ಹಾಸುಗಲ್ಲಿನ ಮೇಲೆ ನಾವಿಬ್ಬರೂ ಬೆನ್ನು ಹಚ್ಚಿ ಮಲಗಿ, ಕಣ್ಣು ಮುಚ್ಚಿ ಕೇಳಬೇಕು. ಹುರಿದ ಶೇಂಗಾ ಸುಲಿದು, ಬೆಲ್ಲದ ಚೂರು ಸೇರಿಸಿ ಅವಳ ಕೈಗೆ ಕೊಡುತ್ತಿರಬೇಕು. ಮುಖ್ಯವಾಗಿ, ಪ್ರತಿ ಮಾತಿಗೂ ಹೂಂ ಅನ್ನಬೇಕು. ಹೂಂ ನಿಂತರೆ ಕಥೆ ನಿಲ್ಲುತ್ತಿತ್ತು.

"ಹೂಂ ಅನ್ನವರು ಇಲ್ದಿದ್ರ ಕಥಿ ಗ್ವಾಡಿಗೆ ಹೇಳಿದಂಗ," ಎನ್ನುತ್ತಿದ್ದಳು.

"ಗ್ವಾಡಿ ಶೇಂಗಾ ಸುಲದು ಕೊಡಂಗಿಲ್ಲ ನೋಡಕ್ಕಾ," ಎಂದು ಕಮಲಿ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು.

ಈಚೆಗೆ ಓದಿದ, ಕೇಳಿದ ಪುಸ್ತಕಗಳ ಬಗ್ಗೆ ನಿಮ್ಮ ಅಭಿಪ್ರಾಯ ಬರೆಯಿರಿ ಎಂದು ನಮ್ಮ ಓದುಗರ ಬಳಗದವರು ಕೇಳಿದ್ದಕ್ಕೆ ಈಗ ಬರೆಯಲು ಕುಳಿತವಳು ನಾನು. ಮೂರು ಪುಸ್ತಕ ಆರಿಸಿಕೊಂಡೆ: ಒಂದು ಚಿತ್ರಕಥೆ, ಒಂದು ಕಾದಂಬರಿ, ಒಂದು ಕೇಳುವ ಪುಸ್ತಕ. ಮೊದಲನೆಯದರ ಬಗ್ಗೆ ಬರೆಯುವಾಗಲೇ ಪೆನ್ನು ನಿಂತಿತು. ಕಿವಿ ಕೇಳದ ಮುದುಕ ಸಿಂಪಿಗನ ಕಥೆ ಅದು. ಇಡೀ ಪುಸ್ತಕ ಕಪ್ಪು ಬಿಳುಪು, ದಾರಕ್ಕೆ ಮಾತ್ರ ಬಣ್ಣ. ಬಹಳ ಚೆಂದದ ಪುಸ್ತಕ, ಯಾರಾದರೂ ಓದಬಹುದು. ಆದರೆ ನಾನು ಓದಿದ ರೀತಿಯನ್ನು ಯಾರಿಗೂ ಹೇಳುವಂತಿಲ್ಲ. ಮೊದಲು ಕೊನೆಯ ಪುಟ ತೆರೆದೆ. ಅಲ್ಲಿ ಖಾಲಿ ಕುರ್ಚಿ ಇತ್ತು. ಮುದುಕ ಸಾಯುತ್ತಾನೆ ಎಂದು ಖಾತ್ರಿಯಾದ ಮೇಲೆಯೇ ಮೊದಲ ಪುಟಕ್ಕೆ ಬಂದೆ. ಪುಟಗಳ ಸಂಖ್ಯೆ ಸರಿಯಾಗಿದೆಯೇ, ಹೊಲಿಗೆಯ ಹತ್ತಿರ ಹರಿದ ಗುರುತು ಇದೆಯೇ ಎಂದೂ ನೋಡಿದೆ. ಯಾವ ಪುಸ್ತಕ ಕೈಗೆ ಬಂದರೂ ನೋಡುತ್ತೇನೆ. ಈ ರೂಢಿ ಎಲ್ಲಿಂದ ಬಂತೆಂದು ಹೇಳದೆ ನನ್ನ ಅಭಿಪ್ರಾಯಗಳಿಗೆ ಬೆಲೆಯಿಲ್ಲ.

ಆ ಬೇಸಿಗೆ ಸುನಂದಕ್ಕ ತಂದಿದ್ದ ಒಂದು ಚಿತ್ರಕಥೆ ಹಳೆಯ ಕೋಟೆಯದು. ಅಣ್ಣತಮ್ಮಂದಿರಿಬ್ಬರು ಪಂಜು ಹಿಡಿದು ಕೋಟೆಯ ನೆಲಮಾಳಿಗೆಗೆ ಇಳಿಯುತ್ತಾರೆ. ಅರ್ಧ ಇಳಿಯುವಷ್ಟರಲ್ಲಿ ಪಂಜು ಆರುತ್ತದೆ. ಅಲ್ಲಿ ಸುನಂದಕ್ಕ ದನಿ ತಗ್ಗಿಸುತ್ತಿದ್ದಳು.

"ಬೆಂಕಿ ಯಾಕ ಆರತು ಹೇಳ್ರಿ? ಬಾಗಲಾ ಹತ್ರ ಬಂತು ಅಂತ. ಬಾಗಲದ ಆಚಿಂದ ಗಾಳಿ ಬರತದ, ಅದಕ್ಕ ಆರತದ. ಅಣ್ಣ ಅಂಜಿ ತಿರಗಿದ. ತಮ್ಮ ಒಂದ ಹೆಜ್ಜಿ ಮುಂದ ಇಟ್ಟ."

"ಹೂಂ."

"ಕೈ ಚಾಚಿದ. ಬಾಗಲಾ ತಗೀತು. ಒಳಗ ಹಗಲಿನಂಥ ಬೆಳಕ."

ಆ ಕಥೆಯನ್ನು ಕಮಲಿ ಏಳೆಂಟು ಸಲ ಹೇಳಿಸಿದಳು. ಒಮ್ಮೆ ನಾನು ಪುಸ್ತಕ ಎತ್ತಿಕೊಂಡು ಬೆಳಕು ತುಂಬಿದ ಆ ಚಿತ್ರ ಹುಡುಕಿದೆ. ಪಂಜು ಆರಿದ ಚಿತ್ರಕ್ಕೇ ಪುಸ್ತಕ ಮುಗಿದಿತ್ತು. ಪಿನ್ನಿನ ಪಕ್ಕ ಹರಿದ ಹಾಳೆಯ ಬೆರಳಗಲದ ಅಂಚು ಉಳಿದಿತ್ತು.

"ಅಕ್ಕಾ, ಕಡೀ ಹಾಳಿ ಎಲ್ಲಿ?"

"ತಗೊಳ್ಳೂಮುಂದನ ಇರಲಿಲ್ಲ."

"ಹಂಗಾರ ಮುಂದಿಂದು ನಿನಗ ಹೆಂಗ ಗೊತ್ತಾತು?"

"ನಮ್ಮ ಸಾಲ್ಯಾಗ ಇನ್ನೊಬ್ಬಾಕಿ ಹತ್ರ ಪೂರಾ ಪುಸ್ತಕ ಅದ. ನಾ ಓದೇನಿ. ನೀ ಹೂಂ ಅನ್ನು ಸಾಕು, ಪೊಲೀಸಗತೆ ಕೇಳಬ್ಯಾಡ."

ನಾನು ಹೂಂ ಅಂದೆ.

ಸೂಟಿ ಮುಗಿಯಲು ಇನ್ನು ಕೆಲವೇ ದಿನ ಇದ್ದಾಗ ನಮ್ಮ ಅಜ್ಜ, ಮುತ್ಯಾ, ಹಗೇವು ತೆಗೆದ. ಹಗೇವು ಎಂದರೆ ನೆಲದೊಳಗಿನ ಕಣಜ. ಹೊಟ್ಟೆ ದೊಡ್ಡದು, ಬಾಯಿ ಒಬ್ಬರು ಇಳಿಯುವಷ್ಟೇ. ಎರಡಾಳು ಆಳ. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆಗಲೇ ಊರಿನಲ್ಲಿ ಹಗೇವುಗಳು ಕಡಿಮೆಯಾಗಿದ್ದವು. ನಮ್ಮದು ಮನೆಯ ಹಿಂದಿನ ಕಣದಲ್ಲಿ ಉಳಿದಿತ್ತು, ತಳಮಟ್ಟಕ್ಕೆ ಜೋಳ ಇತ್ತು. ತೆಗೆದ ಕೂಡಲೇ ಅದರೊಳಗೆ ಯಾರೂ ಇಳಿಯುವುದಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಬೇಕು. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಾರೆ. ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ತಡೆಯಬೇಕು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವುದನ್ನು ಮಕ್ಕಳನ್ನು ಕೂಡಿಸಿಕೊಂಡು ಯಾರೂ ಹೇಳುವುದಿಲ್ಲ.

ಮುತ್ಯಾ ಬಿಟ್ಟ ಕಂದೀಲು ಅರ್ಧಕ್ಕೇ ಆರಿತು. "ಇವತ್ತ ಬ್ಯಾಡ, ನಾಳಿ ನೋಡೂಣು," ಎಂದು ಬಾಯಿಯ ಸುತ್ತ ಜಾಲಿಮುಳ್ಳು ಎಳೆದು ಊಟಕ್ಕೆ ಹೋದ. ನಾವು ಮೂವರೂ ಬೇವಿನ ನೆರಳಿನಲ್ಲಿ ನಿಂತು ನೋಡಿದ್ದೆವು. ಕಮಲಿ ನನ್ನ ಲಂಗ ಜಗ್ಗಿದಳು.

"ಆರತು. ಅಂದ್ರ ಬಾಗಲಾ ಅದ."

ನಾನು ಸುನಂದಕ್ಕನ ಮುಖ ನೋಡಿದೆ. ಆ ಕ್ಷಣವನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ಹುಚ್ಚಿ, ಅದು ಕಥಿ ಎಂದು ಅವಳು ನಕ್ಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ನಗಲಿಲ್ಲ. ಕಮಲಿಯ ಕಣ್ಣಲ್ಲಿದ್ದ ನಂಬಿಕೆಯ ಮುಂದೆ ಸಣ್ಣವಳಾಗಲು ಅವಳಿಗೆ ಮನಸ್ಸಾಗಲಿಲ್ಲವೆಂದು ಈಗ ಅನ್ನಿಸುತ್ತದೆ.

"ಇರಬಹುದು," ಎಂದಳು.

ಮುಳ್ಳು ಸರಿಸಿದೆವು. ಮೊದಲು ಇಳಿಯಬೇಕಾದವಳು ನಾನು. ಬಾಯಿಯ ಹತ್ತಿರ ಬಗ್ಗಿದಾಗ ಹುಳಿಹುಳಿಯಾದ, ಬಿಸಿಯಾದ, ಮುಗ್ಗಿದ ಜೋಳದ ವಾಸನೆ ಮುಖಕ್ಕೆ ಬಂತು. ನಾನು ಹಿಂದೆ ಸರಿದೆ.

"ಅಂಜುಬುರುಕಿ," ಎಂದಳು ಕಮಲಿ. "ಅಣ್ಣನಂಗ ನೀ ತಿರಗು. ತಮ್ಮ ನಾನು."

ಬಣವೆಗೆ ಬಿಗಿಯುವ ಹಗ್ಗವನ್ನು ಅವಳ ಕಂಕುಳಿಗೆ ಕಟ್ಟಿದೆವು. ನಾನೇ ಗಂಟು ಹಾಕಿದ್ದು. ಹಗ್ಗವನ್ನು ಬಂಡಿಯ ಗಾಲಿಗೆ ಒಂದು ಸುತ್ತು ಸುತ್ತಿ, ನಾನೂ ಸುನಂದಕ್ಕನೂ ಹಿಡಿದು ಮೆಲ್ಲಗೆ ಬಿಟ್ಟೆವು. ಸುನಂದಕ್ಕ ಮೇಲಿನಿಂದ ಕಥೆ ಶುರು ಮಾಡಿದಳು.

"ತಮ್ಮ ಒಂದ ಹೆಜ್ಜಿ ಇಟ್ಟ."

"ಹೂಂ." ಹಗೇವಿನ ಹೊಟ್ಟೆಯಲ್ಲಿ ಅವಳ ದನಿ ದೊಡ್ಡವರ ದನಿಯಂತೆ ಕೇಳಿತು.

"ಇನ್ನೊಂದ ಹೆಜ್ಜಿ ಇಟ್ಟ."

"ಹೂಂ."

"ಕೈ ಚಾಚಿದ."

"ಹೂಂ..." ಇದು ಉದ್ದವಾಗಿತ್ತು, ನಿದ್ದೆಗೆ ಜಾರುವವರ ಹೂಂ.

"ಬಾಗಲಾ ತಗೀತು."

ಏನೂ ಬರಲಿಲ್ಲ. ನನ್ನ ಅಂಗೈಯಲ್ಲಿ ಹಗ್ಗ ಸಡಿಲಾಯಿತು.

"ಕಮಲಿ, ಹೂಂ ಅನ್ನು," ಎಂದಳು ಸುನಂದಕ್ಕ. ಎರಡನೇ ಸಲ ಹೇಳುವಾಗ ಅವಳ ದನಿ ಬೇರೆಯಾಗಿತ್ತು. ಇಬ್ಬರೂ ಜಗ್ಗಿದೆವು. ಸ್ವಲ್ಪ ಮೇಲೆ ಬಂದ ಭಾರ ಎಲ್ಲೋ ಸಿಕ್ಕಿಕೊಂಡಿತು. ಸುನಂದಕ್ಕ ಹಗ್ಗ ಬಿಟ್ಟಳು.

"ನಾ ಮುತ್ಯಾನ ಕರಕೊಂಡ ಬರತೀನಿ. ನೀ ಬಿಡಬ್ಯಾಡ."

ಮನೆ ನೂರು ಹೆಜ್ಜೆಯೂ ಇರಲಿಲ್ಲ. ನಾನು ಗಾಲಿಗೆ ಕಾಲು ಕೊಟ್ಟು ಹಗ್ಗ ಹಿಡಿದು ಕೂತೆ. ಹಿತ್ತಲ ಬಾಗಿಲಿನಿಂದ ಮುತ್ಯಾ ಓಡಿ ಬರುತ್ತಾನೆಂದು ಅತ್ತಲೇ ನೋಡಿದೆ. ಯಾರೂ ಬರಲಿಲ್ಲ. ಆಮೇಲೆ ಚೀರಿದೆ. ಕೇಳಿಸಿದ್ದು ಬೀರಪ್ಪ ಕಾಕಾನಿಗೆ. ಗೊಬ್ಬರಕ್ಕೆಂದು ನಮ್ಮ ಪಕ್ಕದ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿದ್ದ ಕುರುಬ ಅವನು. ಕಂಬಳಿ ಎಸೆದು ಓಡಿ ಬಂದ.

"ಒಳಗ ಯಾರದಾರು?"

"ಕಮಲಿ."

"ಕಂದೀಲ ಬಿಟ್ಟಿದ್ರೇನು?"

"ಆರತು ಕಾಕಾ. ಬಾಗಲಾ ಅದ ಅಲ್ಲಿ."

ಅವನು ನನ್ನನ್ನು ನೋಡಿದ ನೋಟ ಈಗಲೂ ನನ್ನ ಮೇಲಿದೆ. ಅವನು ಒಳಗೆ ಇಳಿಯಲಿಲ್ಲ. ಇಳಿದಿದ್ದರೆ ಅವನೂ ಅಲ್ಲೇ. ಹಗೇವಿನ ಬಾಯಿಗೆ ಅಡ್ಡಗಾಲು ಹಾಕಿ ನಿಂತು, ಉಸಿರು ಬಿಗಿಹಿಡಿದು, ಹಗ್ಗ ಅತ್ತಿತ್ತ ಆಡಿಸಿ ಜಗ್ಗಿದ. ಕಮಲಿ ಮೇಲೆ ಬಂದಾಗ ತುಟಿ ನೀಲಿ, ಕೂದಲ ತುಂಬ ಜೋಳ. ಗಾಳಿಗೆ ಮಲಗಿಸಿ, ಬೆನ್ನು ತಿಕ್ಕಿ, ಕುರಿಗೆಂದು ತುಂಬಿಟ್ಟಿದ್ದ ನೀರು ಮುಖಕ್ಕೆ ಹಾಕಿದ. ಅವಳು ಕೆಮ್ಮಿದಳು. ಕಣ್ಣು ತೆರೆಯುವ ಮೊದಲು ಅವಳ ಬಾಯಿಂದ ಬಂದದ್ದು ಹೂಂ.

ಬೀರಪ್ಪ ಕಾಕಾ ಅವಳನ್ನು ಎತ್ತಿಕೊಂಡು ಮನೆಯೊಳಗೆ ಕಾಲಿಟ್ಟಾಗ ಅಡುಗೆಮನೆಯಲ್ಲಿ ಸುನಂದಕ್ಕ ಗಂಗಾಳದ ಮುಂದೆ ಕೂತು ಮೊಸರು ರೊಟ್ಟಿ ಉಣ್ಣುತ್ತಿದ್ದಳು. ನಮ್ಮ ಅಜ್ಜಿ, ಆಯಿ, ಬಡಿಸುತ್ತಿದ್ದಳು. ಸುನಂದಕ್ಕ ಯಾರಿಗೂ ಏನೂ ಹೇಳಿರಲಿಲ್ಲ.

ಅಳು, ಓಡಾಟ, ಉಮದಿಯ ಡಾಕ್ಟರು ಎಲ್ಲ ಮುಗಿದು ಕಮಲಿ ಮಲಗಿದ ಮೇಲೆ ಮುತ್ಯಾ ನಮ್ಮಿಬ್ಬರನ್ನು ಪಡಸಾಲೆಗೆ ಕರೆದ.

"ಕಂದೀಲ ಆರಿದ್ದ ನೋಡೀರಿ. ಆದ್ರೂ ಇಳಿಸೀರಿ. ಯಾರ ಹೇಳಿದ್ರು?"

"ಪುಸ್ತಕದಾಗ ಅದ ಮುತ್ಯಾ," ಎಂದೆ. "ಸುನಂದಕ್ಕ ಓದಿದಳು."

ಸುನಂದಕ್ಕ ಎದ್ದು ಹೋಗಿ ಟ್ರಂಕು ತೆರೆದಳು. ಮಡಚಿಟ್ಟ ಬಟ್ಟೆಯ ಅಡಿಯಿಂದ ಆ ಪುಸ್ತಕವನ್ನೂ, ಅದರ ಜೊತೆ ಒಂದು ಬಿಡಿ ಹಾಳೆಯನ್ನೂ ತಂದು ಮುತ್ಯಾನ ಮುಂದಿಟ್ಟಳು.

"ನೀವ ನೋಡ್ರಿ ಮುತ್ಯಾ. ಇಕಿ ಹೇಳೂದು ಎಲ್ಲೂ ಇಲ್ಲ."

ಮುತ್ಯಾನಿಗೆ ಮರಾಠಿ ಓದಲು ಬರುತ್ತಿತ್ತು. ಹೊಲದ ಕಾಗದಪತ್ರವೆಲ್ಲ ಮರಾಠಿಯಲ್ಲೇ ಇದ್ದವಲ್ಲ. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿ ಹೇಳಿದ. ಆ ಹಾಳೆಯಲ್ಲಿ ಪಂಜು ಆರಿದ ಕೂಡಲೇ ಅಣ್ಣ ತಮ್ಮನ ರಟ್ಟೆ ಹಿಡಿದು ಮೇಲೆ ಎಳೆಯುತ್ತಾನೆ. ಇಲ್ಲಿನ ಗಾಳಿ ಕೆಟ್ಟಿದೆ, ಮುಂದೆ ಹೋದರೆ ಸಾವು ಎನ್ನುತ್ತಾನೆ. ಇಬ್ಬರೂ ಬಯಲಿಗೆ ಬಂದು ಕೂರುತ್ತಾರೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಬಾಗಿಲೂ ಇಲ್ಲ, ಬೆಳಕೂ ಇಲ್ಲ. ಸಪ್ಪೆ ಅನ್ನಿಸಿ ಸುನಂದಕ್ಕ ಅದನ್ನು ಹರಿದು ತೆಗೆದಿರಬೇಕು. ನಾನು ಅಕ್ಷರ ಕೂಡಿಸಿ ಓದಿಬಿಟ್ಟೇನೆಂದು ಅಡಗಿಸಿಟ್ಟಿರಬೇಕು.

"ಪುಸ್ತಕದಾಗ ಸರಿನ ಬರದಾರ," ಎಂದ ಮುತ್ಯಾ. "ನಿನಗ ಓದಾಕ ಬರಂಗಿಲ್ಲ. ಇದ್ದದ್ದು ಇಲ್ಲದ್ದು ಹಚ್ಚಿ ಸಣ್ಣಾಕೀನ ಇಳಿಸೀದಿ."

"ಆ ಹಾಳಿ ಹರದಿತ್ತು ಮುತ್ಯಾ. ಅಕ್ಕ ತಗದಿಟ್ಟಿದ್ಲು."

"ಹಾಳಿ ಹರದದ್ದಕ್ಕೂ ಹಗೇವಿಗೂ ಏನ ಸಂಬಂಧ?"

ಎರಡು ದಿನದ ಮೇಲೆ ಕಮಲಿ ನನ್ನ ಪರವಾಗಿ ಮಾತಾಡಿದಾಗ, ಪಾಪ, ಅದಕ್ಕ ಇನ್ನೂ ತಲಿ ಸುತ್ತತೈತಿ ಎಂದು ಮನೆಯವರು ತಳ್ಳಿಹಾಕಿದರು. ಅವ್ವ ನನ್ನನ್ನು ಹೊಡೆಯಲಿಲ್ಲ. ಕಮಲಿಯ ಹಾಸಿಗೆಯನ್ನು ನನ್ನ ಪಕ್ಕದಿಂದ ತೆಗೆದು ತನ್ನ ಪಕ್ಕಕ್ಕೆ ಹಾಕಿಕೊಂಡಳು. ಶಾಲೆ ಶುರುವಾದ ಮೇಲೂ ಅದು ತಿರುಗಿ ಬರಲಿಲ್ಲ.

ಆ ಸಿಟ್ಟಿನಲ್ಲೇ ನಾನು ಮರಾಠಿ ಓದಲು ಕಲಿತೆ. ಮುಂದೆ ಜತ್ತದಲ್ಲಿ ಕಾಲೇಜು ಮುಗಿಸಿದೆ, ಎರಡೂ ಭಾಷೆಯಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಈಚೆಗೆ ಬಳಗದವರೆಲ್ಲ ಹೊಗಳಿದ ಎರಡನೆಯ ಪುಸ್ತಕದ ಮಾತಿಗೆ ಬರುತ್ತೇನೆ. ಊರಲ್ಲಿ ನಡೆದ ಕೊಲೆಯೊಂದನ್ನು ಒಬ್ಬ ಸಜ್ಜನ ನಮಗೆ ಹೇಳುತ್ತಾ ಹೋಗುತ್ತಾನೆ. ಕೊನೆಯ ಅಧ್ಯಾಯದಲ್ಲಿ ಅವನೇ ಕೊಲೆಗಾರ, ಅಲ್ಲಿಯವರೆಗೆ ಹೇಳಿದ್ದರಲ್ಲಿ ಅರ್ಧ ಸುಳ್ಳು. ಎಂಥ ತಿರುವು ಎಂದು ಎಲ್ಲರೂ ಬರೆದರು. ನಾನು ಕೊನೆಯನ್ನು ಮೊದಲೇ ಓದಿದ್ದೆ. ಆದರೂ ಅಲ್ಲಿಗೆ ಬಂದಾಗ ಪುಸ್ತಕ ಮಡಚಿಟ್ಟು ಎದ್ದೆ. ಬರೆಯುವವರಿಗೆ ಅದು ಕೌಶಲ್ಯ ಇರಬಹುದು. ಹಗ್ಗ ಹಿಡಿದು ಕೂತವರಿಗೆ ಅಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಸುನಂದಕ್ಕನ ಪಕ್ಕದಲ್ಲೇ ಊಟಕ್ಕೆ ಕೂತಿದ್ದೆ. ಧೈರ್ಯ ಮಾಡಿ ಕೇಳಿದೆ: "ಅಕ್ಕಾ, ಆ ಹಾಳಿ ಯಾಕ ತಗದಿಟ್ಟಿದ್ದಿ?"

ಅವಳು ಹೋಳಿಗೆ ಮುರಿಯುತ್ತ ನನ್ನನ್ನು ನೋಡಿದಳು. ಮುಖದಲ್ಲಿ ಕಳ್ಳತನ ಇರಲಿಲ್ಲ.

"ಯಾವ ಹಾಳಿ?"

ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ. ಅವಳು ಸುಳ್ಳು ಹೇಳಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಮೂರನೆಯದು ಕೇಳುವ ಪುಸ್ತಕ. ಹೋದ ತಿಂಗಳು ಕಮಲಿ ಫೋನಿಗೆ ಕಳಿಸಿದಳು. ಮಕ್ಕಳ ಕಾದಂಬರಿ, ಕನ್ನಡದ್ದು, ಓದಿದವಳು ಸುನಂದಕ್ಕ. ಮಕ್ಕಳು ದೊಡ್ಡವರಾದ ಮೇಲೆ ಅವಳಿಗೆ ಈ ಕೆಲಸ ಸಿಕ್ಕಿದೆಯಂತೆ. ಅಚ್ಚಾದ ಪುಸ್ತಕ ತರಿಸಿಕೊಳ್ಳುವವರೆಗೆ ನಾನು ಅದನ್ನು ಹಚ್ಚಲಿಲ್ಲ. ಪುಸ್ತಕ ಬಂದ ಮೇಲೆ ಪುಟ ಎಣಿಸಿ, ಕೊನೆಯ ಪುಟ ನೋಡಿ, ಮೇಜಿನ ಮೇಲೆ ಬಿಡಿಸಿಟ್ಟು, ಸಾಲಿನ ಕೆಳಗೆ ಬೆರಳಿಟ್ಟು ಕೇಳಲು ಕೂತೆ. ಅದೇ ದನಿ, ಅದೇ ತಗ್ಗಿಸುವ ರೀತಿ. ನಡುವೆ ಅವಳು ಉಸಿರಿಗೆಂದು ನಿಂತಾಗಲೆಲ್ಲ ನನ್ನ ಅಂಗೈಯಲ್ಲಿ ಹಗ್ಗ ಸಡಿಲಾಗುತ್ತಿತ್ತು. ಮೂರು ಸಲ ಕೂತು ಮುಗಿಸಿದೆ.

ಅಂದು ಸಂಜೆ ಕಮಲಿಯ ಫೋನು ಬಂತು. ಅವಳು ರೊಟ್ಟಿ ಬಡಿಯುತ್ತ ಒಮ್ಮೆ, ಕಣ್ಣು ಮುಚ್ಚಿ ಮಲಗಿ ಒಮ್ಮೆ, ಎರಡು ಸಲ ಕೇಳಿದ್ದಳಂತೆ.

"ಹೆಂಗಿತ್ತಕ್ಕಾ ಕಥಿ?"

"ಒಂದ ಅಕ್ಷರ ಬಿಟ್ಟಿಲ್ಲ," ಎಂದೆ. "ಒಂದ ಅಕ್ಷರ ಕೂಡಿಸಿಲ್ಲ."

"ನಾ ಅದನ್ನ ಕೇಳಲಿಲ್ಲ. ಕಥಿ ಹೆಂಗಿತ್ತು?"

ಮೇಜಿನ ಮೇಲೆ ಪುಸ್ತಕ ಇನ್ನೂ ಬಿಡಿಸಿಯೇ ಇತ್ತು. ಅದರಲ್ಲಿದ್ದ ಮಗುವಿನ ಹೆಸರಾದರೂ ನೆನಪಾಗುತ್ತದೆಯೇ ಎಂದು ನೋಡಿದೆ. ನೆನಪಾಗಲಿಲ್ಲ. ಅತ್ತ ಕಮಲಿ ಕಾಯುತ್ತಿದ್ದಳು.

"ಅಕ್ಕಾ, ಅದೀಯೋ ಇಲ್ಲೋ?"

"ಹೂಂ," ಎಂದೆ.