ಘಾಟಿಯಿಂದ ಬಂದ ಕಾಲುಚೀಲ

ನನ್ನ ಗಂಡ ಲಾರಿ ಓಡಿಸುತ್ತಾರೆ. ಶಂಶಾಬಾದಿನಿಂದ ಔಷಧದ ಪೆಟ್ಟಿಗೆ ತುಂಬಿಕೊಂಡು ಕಾಶ್ಮೀರಕ್ಕೆ ಹೋಗುತ್ತಾರೆ, ಬರುವಾಗ ಸೇಬು ತರುತ್ತಾರೆ. ಚಳಿಗಾಲದಲ್ಲಿ ಆ ಕಡೆ ಹೋಗಲು ಬೇರೆ ಡ್ರೈವರುಗಳು ಹಿಂದೇಟು ಹಾಕಿದರೆ, ಇವರು ತಾವಾಗಿಯೇ ಕೇಳಿಕೊಂಡು ಹೋಗತೊಡಗಿದರು. ನನಗೆ ಮೊದಲು ಅನುಮಾನ ಬಂದದ್ದು ಆಗ.

ಆಮೇಲೆ ಕಾಲುಚೀಲ ಬಂತು. ಬೂದು ಬಣ್ಣದ ಉಣ್ಣೆಯದು, ಕೈಯಲ್ಲಿ ಹೆಣೆದದ್ದು. ಬಟ್ಟೆ ಒಗೆಯಲು ತೆಗೆದಾಗ ಅವರ ಚೀಲದ ತಳದಲ್ಲಿ ಸಿಕ್ಕಿತು.

"ಇದೆಲ್ಲಿಂದ ಬಂತರಿ?"

"ಜಮ್ಮು ಬಜಾರದಾಗ ತಗೊಂಡೆ."

ಅಂಗಡಿಯ ಮಾಲಿನಲ್ಲಿ ಒಂದು ಕಾಲಿನದು ಇನ್ನೊಂದಕ್ಕಿಂತ ಉದ್ದ ಇರುವುದಿಲ್ಲ. ಹಿಮ್ಮಡಿಯ ಹತ್ತಿರ ಹೆಣಿಗೆ ತಪ್ಪಿ ಗಂಟು ಬಿದ್ದಿತ್ತು. ಅವಸರದಲ್ಲಿ, ಇವರು ಹೊರಡುವ ಮೊದಲು ಮುಗಿಸಬೇಕೆಂದು ಯಾರೋ ಹೆಣೆದ ಹಾಗಿತ್ತು. ಮುಂದಿನ ಸಲ ಮಫ್ಲರ್ ಬಂತು. ಆ ಕಡೆಯಿಂದ ಫೋನ್ ಬಂದರೆ ಇವರು ಮಾಳಿಗೆ ಹತ್ತಿ ಹಿಂದಿಯಲ್ಲಿ ಮಾತಾಡುತ್ತಿದ್ದರು. ಒಂದು ದಿನ ಮೆಟ್ಟಿಲಲ್ಲಿ ನಿಂತು ಕೇಳಿಸಿಕೊಂಡೆ. "ಆ ಬಣ್ಣ ಬೇಡ, ನೀಲಿ ತಂದಿಡು" ಎನ್ನುತ್ತಿದ್ದರು. ಯಾರ ಸೀರೆಗೆ ನೀಲಿ?

ಕಾಚಿಗೂಡದಲ್ಲಿರುವ ಅಕ್ಕನಿಗೆ ಹೇಳಿದೆ. ಅವಳು ಚಹಾ ಸೋಸುತ್ತಲೇ, "ಗುಡ್ಡದಾಗ ಇನ್ನೊಂದು ಸಂಸಾರ ಮಾಡ್ಯಾರ ಅನಸ್ತೈತಿ, ಕಣ್ಣಾರೆ ನೋಡಿ ಬಾ" ಅಂದಳು.

ಮುಂದಿನ ಖೇಪಿಗೆ ನಾನೂ ಬರುತ್ತೇನೆ ಎಂದೆ. ಇವರ ಮುಖ ಸಣ್ಣದಾಯಿತು. "ಭಾಳ ಥಂಡಿ ಐತಿ ಅಲ್ಲಿ, ಬ್ಯಾಡ." ಬೇಡ ಎಂದಷ್ಟೂ ನನ್ನ ಹಟ ಗಟ್ಟಿಯಾಯಿತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಲಾರಿ ಹತ್ತಿದೆ.

ಜಮ್ಮು ದಾಟಿದ ಮೇಲೆ ರಸ್ತೆ ಗುಡ್ಡಕ್ಕೆ ಅಂಟಿಕೊಂಡಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಎಲ್ಲೋ ಕೆಳಗೆ ನದಿ. ನನ್ನ ಕಣ್ಣು ಮಾತ್ರ ಢಾಬಾಗಳ ಮೇಲೆ. ಯಾವ ಹೆಂಗಸು ಇವರನ್ನು ನೋಡಿ ನಗುತ್ತಾಳೆ, ಇವರು ಎಲ್ಲಿ ಹಾರ್ನ್ ಹೊಡೆಯುತ್ತಾರೆ ಎಂದು ಕಾಯುತ್ತ ಕೂತಿದ್ದೆ.

ಮುಂದೆ ಹಿಮ ಕುಸಿದಿದೆ ಎಂದು ಪೊಲೀಸರು ಲಾರಿಗಳನ್ನು ತಡೆದರು. ಇವರು ಗಾಡಿ ಬದಿಗೆ ಹಚ್ಚಿ, "ನೀ ಇಲ್ಲೇ ಕೂಡು, ಈಗ ಬಂದೆ" ಎಂದು ಇಳಿದು ತಗಡಿನ ಢಾಬಾ ಒಂದರೊಳಗೆ ಹೋದರು. ಸ್ವಲ್ಪ ತಡೆದು ನಾನೂ ಇಳಿದೆ. ಚಪ್ಪಲಿಯಲ್ಲಿ ಹಿಮ ಹೊಕ್ಕಿತು. ಬಾಗಿಲ ಕಂಬಳಿ ಸರಿಸಿ ನೋಡಿದೆ.

ಒಲೆಯ ಸುತ್ತ ನಾಲ್ಕಾರು ಡ್ರೈವರುಗಳು. ಢಾಬಾದ ಮುದುಕ ಒಂದು ಗಂಟು ಬಿಚ್ಚಿ, "ನಿನ್ನದು ಹಾಗೇ ಇಟ್ಟಿದ್ದೇನೆ" ಎಂದು ಹಿಂದಿಯಲ್ಲಿ ಹೇಳುತ್ತ ಅರ್ಧ ಹೆಣೆದ ನೀಲಿ ಸ್ವೆಟರ್ ಇವರ ಕೈಗೆ ಕೊಟ್ಟ. ಇವರು ಕಡ್ಡಿ ಹಿಡಿದು ಹೆಣೆಯಲು ಕೂತರು. ತಲೆ ಎತ್ತಿದಾಗ ನಾನು ಕಣ್ಣಿಗೆ ಬಿದ್ದೆ. ಇವರ ಕಿವಿ ಕೆಂಪಾದವು.

"ನೀವ ಹೆಣೀತೀರೇನ್ರಿ?"

"ರಸ್ತಾ ಬಂದ್ ಆದ್ರ ದಿನಗಟ್ಟಲೆ ಇಲ್ಲೇ ಕೂಡಬೇಕು. ಮೊದಲು ಇಸ್ಪೀಟು ಆಡ್ತಿದ್ದೆ. ಈ ಚಾಚಾ ಇದನ್ನ ಕಲಿಸಿದ."

"ನನಗ್ಯಾಕ ಸುಳ್ಳು ಹೇಳಿದ್ರಿ?"

"ಓಣ್ಯಾಗ ಗೊತ್ತಾದ್ರ ನಗಾಂಗಿಲ್ಲೇನು?"

ನಾನು ಅಷ್ಟಕ್ಕೇ ನಂಬಲಿಲ್ಲ. ಒಳಗಿನ ಪರದೆಯ ಹಿಂದೆ ಹೋಗಿ ನೋಡಿ ಬಂದೆ. ಆಲೂಗಡ್ಡೆ ಚೀಲಗಳಿದ್ದವು. ತಿರುಗಿ ಬಂದು, "ಎಲ್ಲಿ, ಹೆಣೀರಿ ನೋಡೂಣು" ಅಂದೆ. ಎಲ್ಲರೂ ನೋಡುತ್ತಿರಲು ಇವರು ಒಂದು ಸಾಲು ಹೆಣೆದರು. ನಡುವೆ ತಪ್ಪಿ, ಕಾಲುಚೀಲದಲ್ಲಿದ್ದಂಥದೇ ಗಂಟು ಹಾಕಿದರು. ಮುದುಕ ನನಗೆ ಉಪ್ಪಿನ ಚಹಾ ಕೊಟ್ಟ.

ರಸ್ತೆ ತೆರೆದಾಗ ಚಕ್ರಗಳಿಗೆ ಸರಪಳಿ ಸುತ್ತಿ ಹೊರಟೆವು. ಇನ್ನೊಬ್ಬಳಿದ್ದಾಳೆಂಬ ಅನುಮಾನ ಹೋಗಿತ್ತು. ಆದರೆ ಇಷ್ಟು ಸಣ್ಣ ವಿಷಯವನ್ನು ಇಷ್ಟು ದಿನ ಮುಚ್ಚಿಟ್ಟವರು ಇನ್ನೇನು ಮುಚ್ಚಿಟ್ಟಿರಬಹುದು ಎಂಬ ಹೊಸ ಯೋಚನೆ ಹತ್ತಿತು.

"ಇಷ್ಟ ಐತೋ, ಇನ್ನೂ ಏನರ ಐತೋ?" ಎಂದು ಕೇಳಿದೆ.

ಇವರು ರಸ್ತೆಯಿಂದ ಕಣ್ಣು ತೆಗೆಯದೆ ಒಂದು ತಿರುವು ದಾಟಿಸಿದರು. "ಬೀಡಿ ಬಿಟ್ಟಿಲ್ಲ."

ಅದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿತ್ತೆಂದು ನಾನೂ ಹೇಳಲಿಲ್ಲ.